ನಿಮಗಿದು ಗೊತ್ತೇ? ದೂರದ ಗುರಿಯನ್ನು ಕಣ್ಣೆದುರಿಗೆ ತರುವ ಸ್ಪಾಟಿಂಗ್ ಸ್ಕೋಪ್

ಬಂದೂಕಿನ ಮೇಲೆ ಕೂರುವ ದುರ್ಬೀನು ಬೇರೆ, ಪಕ್ಕದಲ್ಲಿ ಮೂರು ಕಾಲಿನ ಮೇಲೆ ನಿಲ್ಲುವ ದುರ್ಬೀನು ಬೇರೆ! ಈ ಎರಡನೆಯದೇ ಸ್ಪಾಟಿಂಗ್ ಸ್ಕೋಪ್. ಇದರಲ್ಲಿ ನೋಡಿ ಯಾರೂ ಗುಂಡು ಹಾರಿಸುವುದಿಲ್ಲ. ಹಾರಿದ ಗುಂಡು ಎಲ್ಲಿ ತಾಗಿತು, ಗಾಳಿ ಯಾವ ಕಡೆ ಬೀಸುತ್ತಿದೆ, ದೂರದ ಗುಡ್ಡದಲ್ಲಿ ನಿಂತಿರುವುದು ಯಾವ ಪ್ರಾಣಿ ಎಂದು ಹೇಳುವುದಷ್ಟೇ ಇದರ ಕೆಲಸ.

ಒಂದೇ ಸಾಲದೇ, ಎರಡೇಕೆ ಎನ್ನುತ್ತೀರಾ? ರೈಫಲ್ಲಿನ ಮೇಲಿರುವ ಸ್ಕೋಪಿನಲ್ಲಿ ನೀವು ಏನನ್ನೇ ನೋಡಿ, ಬಂದೂಕಿನ ನಳಿಗೆಯೂ ಅತ್ತಲೇ ತಿರುಗಿರುತ್ತದೆ! ಪೊದೆಯಲ್ಲಿ ಅಲುಗಾಡಿದ್ದು ಮನುಷ್ಯನಾಗಿದ್ದರೆ? ಅದಕ್ಕೇ ಬಲ್ಲವರು ಹುಡುಕುವುದಕ್ಕೆಂದು ರೈಫಲ್ ಎತ್ತುವುದೇ ಇಲ್ಲ.

ಸ್ಕೋಪಿನ ಮೈಮೇಲೆ 20-60×80 ಎಂದು ಬರೆದಿರುವುದನ್ನು ನೋಡಿದ್ದೀರಾ? ಮೊದಲ ಎರಡು ಅಂಕಿಗಳು ಎಷ್ಟು ಪಟ್ಟು ಹತ್ತಿರ ತರುತ್ತದೆ ಎಂದು ಹೇಳುತ್ತವೆ. ಕೊನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರುಗಳಲ್ಲಿ. 60ಕ್ಕೆ ತಿರುಗಿಸಿದರೆ 600 ಮೀಟರ್ ಆಚೆಯ ಜಿಂಕೆ ಬರೀ 10 ಮೀಟರ್ ದೂರದಲ್ಲಿ ನಿಂತ ಹಾಗೆ ಕಾಣುತ್ತದೆ!

ಹಾಗಾದರೆ 60 ಪಟ್ಟಿನದೇ ಒಳ್ಳೆಯದು ಎಂದುಕೊಂಡಿರಾ? ತಡೆಯಿರಿ. ಬಹಳ ದೂರಕ್ಕೆ ಗುರಿಯಿಡುವ ಅನೇಕ ಶೂಟರುಗಳು ತಮ್ಮ ಸ್ಕೋಪನ್ನು 20ರಿಂದ 30 ಪಟ್ಟಿನ ನಡುವೆಯೇ ಇಟ್ಟುಕೊಂಡಿರುತ್ತಾರೆ. ದುಡ್ಡು ಕೊಟ್ಟು ಕೊಂಡ 60ನ್ನು ದಿನದ ಹೆಚ್ಚು ಹೊತ್ತು ಮುಟ್ಟುವುದೇ ಇಲ್ಲ!

ಕಾರಣ, ಗಾಳಿ. ಬಿಸಿಲೇರಿದ ಮೇಲೆ ನೆಲ ಕಾಯುತ್ತದೆ, ನೆಲದ ಮೇಲಿನ ಗಾಳಿ ಅಲೆಅಲೆಯಾಗಿ ಏಳುತ್ತದೆ. ಸ್ಕೋಪ್ ಗುರಿಯನ್ನು ದೊಡ್ಡದು ಮಾಡಿದಷ್ಟೇ ಆ ಝಳವನ್ನೂ ದೊಡ್ಡದು ಮಾಡುತ್ತದೆ! 60 ಪಟ್ಟಿನಲ್ಲಿ ನೋಡಿದರೆ ಗುರಿಯ ವೃತ್ತಗಳು ನೀರಿನಡಿಯಲ್ಲಿ ಬಿದ್ದ ನಾಣ್ಯದಂತೆ ಕುಣಿಯುತ್ತವೆ.

ಈಗ ನಿಜವಾದ ಸೋಜಿಗ ಕೇಳಿ. ಅದೇ ಝಳವನ್ನು ಶೂಟರುಗಳು ಓದುತ್ತಾರೆ! ಗುರಿಯ ಮೇಲೆ ಸರಿಯಾಗಿ ಫೋಕಸ್ ಮಾಡಿ, ಆಮೇಲೆ ಫೋಕಸನ್ನು ಸ್ವಲ್ಪ ಈಚೆಗೆ ತರುತ್ತಾರೆ. ಗುರಿ ಕೊಂಚ ಮಸುಕಾಗುತ್ತದೆ, ನಡುದಾರಿಯ ಗಾಳಿ ಕಣ್ಣಿಗೆ ಕಾಣತೊಡಗುತ್ತದೆ. ಅಲೆಗಳು ಬಲಕ್ಕೆ ಹರಿಯುತ್ತಿವೆಯೇ? ಗಾಳಿ ಬಲಕ್ಕೆ ಬೀಸುತ್ತಿದೆ. ಅಲೆಗಳು ಓರೆಯಾಗಿ ನಿಧಾನಕ್ಕೆ ಸಾಗುತ್ತಿವೆಯೇ? ಗಾಳಿ ಮೆಲ್ಲಗಿದೆ. ಚಪ್ಪಟೆಯಾಗಿ ಓಡುತ್ತಿವೆಯೇ? ಗಾಳಿ ಜೋರಾಗಿದೆ. ಕಣ್ಣಿಗೆ ಕಾಣದ ಗಾಳಿಯನ್ನು ಕಾಣಿಸುವ ಸಾಧನ ಇದು!

ಅಲೆಗಳು ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ? ಗಾಳಿಯೇ ಇಲ್ಲ ಎಂದಾಯಿತು. ಇಲ್ಲವೇ ಅದು ನಿಮ್ಮ ಮುಖದ ಕಡೆಗೋ ಬೆನ್ನಿನ ಕಡೆಯಿಂದಲೋ ನೇರವಾಗಿ ಬೀಸುತ್ತಿದೆ. ಆದರೆ ಅನುಭವಿಗಳು ಈ ಹೊತ್ತಿನಲ್ಲಿ ಬೆರಳನ್ನು ಬಂದೂಕಿನ ಕುದುರೆಯಿಂದ ತೆಗೆದುಬಿಡುತ್ತಾರೆ. ಗಾಳಿ ದಿಕ್ಕು ಬದಲಿಸುವ ಮುನ್ನವೂ ಝಳ ಹೀಗೇ ಕುದಿಯುತ್ತದೆ!

ಗಾಳಿಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ? ಲೆಕ್ಕ ನೋಡಿ. ಸಾಮಾನ್ಯ .308 ರೈಫಲ್ಲಿನಿಂದ 1000 ಗಜಕ್ಕೆ, ಅಂದರೆ ಸುಮಾರು 914 ಮೀಟರಿಗೆ ಹೊಡೆಯುತ್ತಿದ್ದೀರಿ ಎನ್ನಿ. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ ಗುಂಡನ್ನು ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ. ಒಬ್ಬ ಆಳಿನ ಎತ್ತರಕ್ಕಿಂತ ಜಾಸ್ತಿ!

ಹಾರುತ್ತಿರುವ ಗುಂಡಿನ ದಾರಿಯನ್ನೂ ಕಣ್ಣಾರೆ ನೋಡಬಹುದು ಗೊತ್ತೇ? ಶೂಟರಿನ ಬೆನ್ನ ಹಿಂದೆಯೇ, ನಳಿಗೆಯ ನೇರಕ್ಕೆ ಸ್ಕೋಪ್ ಇಟ್ಟು ಕೂತವರಿಗೆ ಗುಂಡು ಗಾಳಿಯನ್ನು ಸೀಳಿಕೊಂಡು ಹೋದ ಜಾಡು ಕ್ಷಣಕಾಲ ಕಾಣುತ್ತದೆ. ಗುಂಡಲ್ಲ, ಅದು ಕಲಕಿದ ಗಾಳಿ! ಕಮಾನಿನಂತೆ ಮೇಲೇರಿ, ಬಾಗಿ, ಗುರಿಯತ್ತ ಇಳಿಯುತ್ತದೆ.

ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತ ಎಷ್ಟು ಅಗಲ ಊಹಿಸಿ. 10.4 ಮಿಲಿಮೀಟರ್! ಅದರೊಳಗೆ .22 ಗುಂಡು ಕೊರೆಯುವ ತೂತು 5.6 ಮಿಲಿಮೀಟರ್. ಕರಿ ವೃತ್ತದಲ್ಲಿ ಕರಿ ತೂತು, ಅದೂ 50 ಮೀಟರ್ ಆಚೆ! ಕಾಗದದ ಗುರಿಯಲ್ಲಿ ಇದನ್ನು ನೋಡಲು ಸ್ಪಾಟಿಂಗ್ ಸ್ಕೋಪ್ ಬೇಕೇ ಬೇಕು.

ಈ ಸ್ಪರ್ಧೆಯ ರೈಫಲ್ಲಿನ ಮೇಲೆ ದೊಡ್ಡದು ಮಾಡಿ ತೋರಿಸುವ ಸ್ಕೋಪ್ ಹಾಕುವ ಹಾಗಿಲ್ಲ. ಆದರೆ ಪಕ್ಕದಲ್ಲಿ ಬೇರೆಯಾಗಿ ನಿಲ್ಲಿಸಿಕೊಂಡ ಸ್ಕೋಪಿಗೆ ಅಡ್ಡಿಯಿಲ್ಲ! ಗುರಿಯಿಡುವಾಗ ಬರಿಗಣ್ಣು, ಫಲಿತಾಂಶ ನೋಡುವಾಗ ದುರ್ಬೀನು.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ 50 ಮೀಟರಿನ, ಮೂರು ಭಂಗಿಗಳ ಸ್ಪರ್ಧೆಯಲ್ಲಿ. ಇಂಥ ದೊಡ್ಡ ಕೂಟಗಳಲ್ಲಿ ಈಗ ಎಲೆಕ್ಟ್ರಾನಿಕ್ ಗುರಿಗಳಿವೆ. ಕೆಲವು ಗುರಿಗಳು ಗುಂಡಿನ ಸದ್ದನ್ನು ಮೈಕ್ರೊಫೋನುಗಳಲ್ಲಿ ಹಿಡಿದು, ಎಲ್ಲಿ ತಾಗಿತು ಎಂದು ಲೆಕ್ಕ ಹಾಕಿ ಪರದೆಯ ಮೇಲೆ ತೋರಿಸುತ್ತವೆ. ಕಣ್ಣಿನ ಕೆಲಸವನ್ನು ಕಿವಿ ಮಾಡುತ್ತಿದೆ!

ಹಿಮದಲ್ಲಿ ಸ್ಕೀ ಮಾಡುತ್ತಾ ಬಂದು ಗುಂಡು ಹಾರಿಸುವ ಬಯಾಥ್ಲಾನ್ ನೋಡಿದ್ದೀರಾ? ಸ್ಪರ್ಧೆಗೆ ಮುಂಚೆ ಕೋಚ್‌ಗಳು ಸಾಲಾಗಿ ಸ್ಪಾಟಿಂಗ್ ಸ್ಕೋಪ್ ನಿಲ್ಲಿಸಿಕೊಂಡು ನಿಂತಿರುತ್ತಾರೆ. ಗುಂಡು ಎತ್ತ ಸರಿದಿದೆ ನೋಡಿ, ರೈಫಲ್ಲಿನ ಸೈಟನ್ನು ಎಷ್ಟು ಕ್ಲಿಕ್ ತಿರುಗಿಸಬೇಕು ಎಂದು ಅಲ್ಲಿಂದಲೇ ಹೇಳುತ್ತಾರೆ. ಮಲಗಿ ಹೊಡೆಯುವಾಗಿನ ಗುರಿ 50 ಮೀಟರ್ ದೂರದಲ್ಲಿ ಬರೀ 45 ಮಿಲಿಮೀಟರ್!

ನಮ್ಮ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದಲ್ಲ, ಅಲ್ಲಿ ಸ್ಕೋಪಿನ ಗೊಡವೆಯೇ ಇಲ್ಲ. ಗುಂಡು ತಾಗಿದರೆ ಕಾಯಿ ಚೂರಾಗಿ ಹಾರುತ್ತದೆ, ನೆರೆದವರೆಲ್ಲರಿಗೂ ಕಾಣುತ್ತದೆ!

ಬ್ರಿಟನ್ನಿನ ರಾಣಿ ವಿಕ್ಟೋರಿಯಾ ಕೂಡ ಗುರಿಗೆ ಗುಂಡು ಹೊಡೆದಿದ್ದರು, ಗೊತ್ತೇ? 1860ರ ಜುಲೈ 2ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿ ರೈಫಲ್ ಕೂಟದ ಉದ್ಘಾಟನೆ. ಯಂತ್ರದ ಆಸರೆಯಲ್ಲಿ ಮೊದಲೇ ಗುರಿಯಿಟ್ಟು ಕೂರಿಸಿದ್ದ ವಿಟ್‌ವರ್ತ್ ರೈಫಲ್. ರಾಣಿ ರೇಷ್ಮೆ ದಾರ ಎಳೆದದ್ದಷ್ಟೇ. 400 ಗಜದಾಚೆ ಕೇಂದ್ರದಿಂದ ಎರಡು ಇಂಚಿಗೂ ಕಡಿಮೆ ದೂರದಲ್ಲಿ ಗುಂಡು ತಾಗಿತು!

ಅದೇ ಕೂಟ 1890ರಲ್ಲಿ ಬಿಸ್ಲಿ ಎಂಬಲ್ಲಿಗೆ ಹೋಯಿತು. ಅಲ್ಲಿ 1000 ಗಜಕ್ಕೂ ಮೀರಿ ಹೊಡೆಯುತ್ತಾರೆ. ಅಷ್ಟು ದೂರದ ತೂತು ಯಾವ ಸ್ಕೋಪಿಗೆ ಕಂಡೀತು? ಹೊಡೆದ ಮೇಲೆ ಕೆಳಗಿನ ಕಂದಕದಲ್ಲಿರುವವರು ಗುರಿಯನ್ನು ಇಳಿಸಿಕೊಂಡು, ತೂತಿಗೆ ಬಿಲ್ಲೆ ಸಿಕ್ಕಿಸಿ, ಮತ್ತೆ ಮೇಲೆತ್ತುತ್ತಾರೆ. ಶೂಟರ್ ನೋಡುವುದು ತೂತನ್ನಲ್ಲ, ಬಿಲ್ಲೆಯನ್ನು!

ಯುದ್ಧಕ್ಕೆ ಬೇಟೆಗಾರರ ದುರ್ಬೀನು ಹೋದ ಕಥೆ ಇನ್ನೂ ಚೆಂದ. 1900ರಲ್ಲಿ ಬೋಯರ್ ಯುದ್ಧಕ್ಕಾಗಿ ಸ್ಕಾಟ್ಲೆಂಡಿನ ಲಾರ್ಡ್ ಲೊವಾಟ್ ಒಂದು ಪಡೆ ಕಟ್ಟಿದರು. ಸೇರಿಸಿಕೊಂಡದ್ದು ಗುಡ್ಡಗಾಡಿನಲ್ಲಿ ಸಾರಂಗದ ಜಾಡು ಹಿಡಿಯುವವರನ್ನು! ಒಂದರೊಳಗೊಂದು ಜಾರುವ ಹಿತ್ತಾಳೆಯ ದುರ್ಬೀನು ಅವರ ಕೈಗೆ ಹುಟ್ಟಿನಿಂದ ಬಂದ ಹಾಗಿತ್ತು. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಚಲನವಲನ ನೋಡಿ ವರದಿ ಮಾಡುವುದರಲ್ಲಿ ಇವರಿಗೆ ಸಾಟಿಯೇ ಇರಲಿಲ್ಲ ಎನ್ನುತ್ತಾರೆ. ಸೊಪ್ಪುಸದೆಯಂತೆ ಕಾಣುವ ಸ್ನೈಪರ್ ಉಡುಪು ಇದೆಯಲ್ಲ, ಅದೂ ಇವರೇ ಬಳಕೆಗೆ ತಂದದ್ದು!

ಅವರ ಹತ್ತಿರ ಟ್ರೈಪಾಡ್ ಇರಲಿಲ್ಲ. ಹಾಗಾದರೆ ಅಲುಗದಂತೆ ಹಿಡಿಯುತ್ತಿದ್ದದ್ದು ಹೇಗೆ? ಇಳಿಜಾರಿನಲ್ಲಿ ಅಂಗಾತ ಮಲಗಿ, ಮಂಡಿ ಮಡಚಿ, ದುರ್ಬೀನಿನ ತುದಿಯನ್ನು ಮಂಡಿಗೇ ಆನಿಸಿಬಿಡುತ್ತಿದ್ದರು!

ಟ್ರೈಪಾಡ್ ಅಂದ ಕೂಡಲೇ ಒಂದು ಮಾತು ಹೇಳಲೇಬೇಕು. 60 ಪಟ್ಟಿನ ಸ್ಕೋಪ್ ನಡುಕವನ್ನೂ 60 ಪಟ್ಟು ಮಾಡುತ್ತದೆ. ದುಬಾರಿ ಸ್ಕೋಪನ್ನು ಸಪೂರ ಕಾಲಿನ ಟ್ರೈಪಾಡಿನ ಮೇಲಿಟ್ಟರೆ ತಂಗಾಳಿಗೂ ಚಿತ್ರ ಥರಥರ! ಉಪಾಯ ಸುಲಭ. ಕಾಲುಗಳನ್ನು ತಗ್ಗಿಸಿ, ನಡುಗಂಬದ ಕೊಕ್ಕೆಗೆ ನಿಮ್ಮ ಬ್ಯಾಗನ್ನೇ ನೇತುಹಾಕಿ. ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ನೋಡಿ!

ಅಲಾಸ್ಕಾದಲ್ಲಿ ಸ್ಪಾಟಿಂಗ್ ಸ್ಕೋಪ್ ಇಲ್ಲದೆ ಕಾಡುಕುರಿ ಬೇಟೆಗೆ ಹೋಗುವುದು ಕಾನೂನಿನ ತೊಂದರೆಯನ್ನು ಕರೆದಂತೆ! ಅಲ್ಲಿನ ಬಿಳಿ ಬಣ್ಣದ ಡಾಲ್ ಕುರಿಯ ಟಗರನ್ನು ಹೊಡೆಯಬೇಕಾದರೆ ಕೊಂಬು ಪೂರ್ತಿ ಒಂದು ಸುತ್ತು, 360 ಡಿಗ್ರಿ, ಬಂದಿರಬೇಕು. ಇಲ್ಲವೇ ಎರಡೂ ಕೊಂಬಿನ ತುದಿ ಮುರಿದಿರಬೇಕು. ಅದೂ ಇಲ್ಲದಿದ್ದರೆ ಟಗರಿಗೆ ಎಂಟು ವರ್ಷ ತುಂಬಿರಬೇಕು.

ಎದುರು ಬೆಟ್ಟದ ಟಗರಿನ ವಯಸ್ಸು ತಿಳಿಯುವುದು ಹೇಗೆ? ಕೊಂಬಿನ ಉಂಗುರ ಎಣಿಸಿ! ಚಳಿಗಾಲದಲ್ಲಿ ಕೊಂಬಿನ ಬೆಳವಣಿಗೆ ನಿಲ್ಲುತ್ತದೆ, ವರ್ಷಕ್ಕೊಂದು ಗೆರೆ ಬೀಳುತ್ತದೆ. ಬೇಟೆಗಾರ ಸ್ಕೋಪಿಗೆ ಕಣ್ಣಿಟ್ಟು ಒಂದೊಂದೇ ಗೆರೆ ಲೆಕ್ಕ ಹಾಕುತ್ತಾನೆ. ಲೆಕ್ಕ ಸಿಗದಿದ್ದರೆ ಟಗರು ಬಚಾವ್! ಪ್ರಾಣಿಯ ಜೀವ ಉಳಿಸುವ ಬೇಟೆ ಸಲಕರಣೆ ಇನ್ನಾವುದಿದೆ ಹೇಳಿ. ಇಂಥ ಕೆಲಸಕ್ಕೆ ಮಾತ್ರ 60 ಪಟ್ಟು ನಿಜವಾಗಿ ಬೇಕು, ಅದೂ ತಂಪು ಹೊತ್ತಿನಲ್ಲಿ.

ನಮ್ಮ ದೇಶದಲ್ಲಿ ಬೇಟೆಯ ಮಾತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಬೀಗ ಹಾಕಿದೆ. ಅದೇ ಸ್ಕೋಪನ್ನು ರಂಗನತಿಟ್ಟಿನ ದಡದಲ್ಲಿ ನಿಲ್ಲಿಸಿ ನೋಡಿ. ನಡುಗಡ್ಡೆಯ ಮರದ ಮೇಲಿನ ಬಣ್ಣದ ಕೊಕ್ಕರೆಯ ಗೂಡು ಕಣ್ಣ ಮುಂದೆ!

ಸಂಜೆಗತ್ತಲಲ್ಲಿ ಸ್ಕೋಪ್ ಮಂಕಾಗುವುದೇಕೆ ಗೊತ್ತೇ? ಲೆನ್ಸಿನ ಅಗಲವನ್ನು ಪಟ್ಟಿನಿಂದ ಭಾಗಿಸಿ. 80 ಮಿಲಿಮೀಟರ್ ಲೆನ್ಸು, 20 ಪಟ್ಟು: ನಿಮ್ಮ ಕಣ್ಣಿಗೆ ಬರುವ ಬೆಳಕಿನ ಕಂಬ 4 ಮಿಲಿಮೀಟರ್ ಅಗಲ. 60 ಪಟ್ಟಿಗೆ ಏರಿಸಿದರೆ ಬರೀ 1.3! ಹಗಲಿನಲ್ಲಿ ಕಣ್ಣಿನ ಪಾಪೆ 2-3 ಮಿಲಿಮೀಟರಿಗೆ ಕುಗ್ಗಿರುವುದರಿಂದ ಅಷ್ಟು ಗೊತ್ತಾಗುವುದಿಲ್ಲ. ಮಬ್ಬಾದಾಗ ಪಾಪೆ ಅರಳುತ್ತದೆ, ಸ್ಕೋಪ್ ಮಾತ್ರ ಅಷ್ಟು ಬೆಳಕು ಕೊಡುವುದಿಲ್ಲ. ಆಗ ಪಟ್ಟನ್ನು ಇಳಿಸಿ, ದೃಶ್ಯ ಬೆಳಗುತ್ತದೆ!

65 ಮತ್ತು 80 ಮಿಲಿಮೀಟರ್ ಲೆನ್ಸಿಗೆ ಹೆಚ್ಚೇನು ವ್ಯತ್ಯಾಸ ಎನಿಸುತ್ತದೆಯೇ? ದೊಡ್ಡದು ಒಂದೂವರೆ ಪಟ್ಟು ಬೆಳಕು ಹೀರುತ್ತದೆ! ಆದರೆ ತೂಕವೂ ಏರುತ್ತದೆ. ಬೆಟ್ಟ ಹತ್ತುವವರಿಗೆ ಚಿಕ್ಕದು, ರೇಂಜಿನಲ್ಲಿ ಕೂರುವವರಿಗೆ ದೊಡ್ಡದು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಝೂಮ್ ಸ್ಕೋಪಿನಲ್ಲಿ ಒಂದು ವಿಚಿತ್ರ ಅಡಗಿದೆ. 20ರಿಂದ 60ಕ್ಕೆ ತಿರುಗಿಸಿದರೆ ಕಾಣುವ ಜಾಗ ಮೂರನೇ ಒಂದು ಪಾಲಿಗೆ ಇಳಿಯಬೇಕಲ್ಲವೇ? ಇಲ್ಲ! ಹೆಚ್ಚಿನ ಸ್ಕೋಪುಗಳಲ್ಲಿ ಸುಮಾರು ಅರ್ಧಕ್ಕಷ್ಟೇ ಇಳಿಯುತ್ತದೆ. ಕಡಿಮೆ ಪಟ್ಟಿನಲ್ಲಿ ದೃಶ್ಯದ ಸುತ್ತ ಕಪ್ಪು ಅಂಚು ಹೆಚ್ಚು, ಏರಿಸಿದಂತೆ ದೃಶ್ಯ ಕಣ್ತುಂಬ ಹರಡಿಕೊಳ್ಳುತ್ತದೆ.

80 ಮಿಲಿಮೀಟರ್ ಲೆನ್ಸು ಲೆಕ್ಕದ ಪ್ರಕಾರ ಒಂದು ಕಿಲೋಮೀಟರ್ ದೂರದಲ್ಲಿ 7 ಮಿಲಿಮೀಟರ್ ಅಂತರದ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸಬಲ್ಲದು. ಕಡಲೆಕಾಳಿನಷ್ಟು ಅಂತರ! ಆದರೆ ನಡುವಿನ ಬಿಸಿಗಾಳಿ ಬಿಡಬೇಕಲ್ಲ. ಬೆಳಗಿನ ಜಾವ ನೋಡಿ, ಮಧ್ಯಾಹ್ನ ನೋಡಿ. ಅದೇ ಸ್ಕೋಪ್ ಎಂದು ನಂಬಲಾರಿರಿ!

ಕೆಪ್ಲರ್ 1611ರಲ್ಲಿ ವಿವರಿಸಿದ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗು! ಸ್ಪಾಟಿಂಗ್ ಸ್ಕೋಪಿನ ಮೂಲ ವಿನ್ಯಾಸವೂ ಅದೇ. ಜಿಂಕೆ ನೆಟ್ಟಗೆ ನಿಂತು ಕಾಣಲು ಒಳಗೆ ಗಾಜಿನ ಪ್ರಿಸಂಗಳಿವೆ. 1854ರಲ್ಲಿ ಇಟಲಿಯ ಇಗ್ನಾಜಿಯೊ ಪೊರ್ರೊ ಇದರ ಪೇಟೆಂಟ್ ಪಡೆದರು. ಇಂದಿಗೂ ಅಂಥ ಪ್ರಿಸಂಗೆ ಅವರದೇ ಹೆಸರು.

ಏನೂ ಬಳಿಯದ ಗಾಜಿನ ಪ್ರತಿಯೊಂದು ಮೈಯೂ ಸುಮಾರು ನೂರಕ್ಕೆ 4 ಪಾಲು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಸ್ಕೋಪಿನೊಳಗೆ ಹತ್ತು ಗಾಜು ಬಿಡಿಬಿಡಿಯಾಗಿದ್ದರೆ ಇಪ್ಪತ್ತು ಮೈ. ಅರ್ಧಕ್ಕೂ ಹೆಚ್ಚು ಬೆಳಕು ದಾರಿಯಲ್ಲೇ ಮಾಯ! 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲ ಇದನ್ನು ತಡೆಯುವ ತೆಳು ಲೇಪ ಕಂಡುಹಿಡಿದರು. ಎಷ್ಟು ದೊಡ್ಡ ಸಂಗತಿ ಎಂದರೆ, ಜರ್ಮನಿ ಅದನ್ನು ಸೇನಾ ರಹಸ್ಯವಾಗಿ ಬಚ್ಚಿಟ್ಟಿತು! ಲೆನ್ಸಿನ ಮೇಲೆ ಹಸಿರು, ನೇರಳೆ ಹೊಳಪು ಕಂಡರೆ ಅದೇ ಲೇಪ.

ಲೆನ್ಸಿನ ಅಂಚಿನಲ್ಲಿ ಬಣ್ಣ ಒಡೆಯದಂತೆ ಮಾಡಲು ಸಾಧ್ಯವೇ ಇಲ್ಲ ಎಂದು ನ್ಯೂಟನ್ ಕೈಬಿಟ್ಟಿದ್ದರು. ಅದನ್ನು ಸಾಧಿಸಿದ್ದು ಚೆಸ್ಟರ್ ಮೂರ್ ಹಾಲ್ ಎಂಬ ವಕೀಲ! 1730ರ ದಶಕದ ಮಾತು. ಎರಡು ಬಗೆಯ ಗಾಜಿನ ಲೆನ್ಸು ಜೋಡಿಸಬೇಕಿತ್ತು. ಗುಟ್ಟು ಬಯಲಾಗಬಾರದೆಂದು ಒಂದನ್ನು ಒಬ್ಬ ಕುಶಲಕರ್ಮಿಗೆ, ಇನ್ನೊಂದನ್ನು ಮತ್ತೊಬ್ಬನಿಗೆ ಕೊಟ್ಟರಂತೆ. ಇಬ್ಬರೂ ಆ ಕೆಲಸವನ್ನು ಜಾರ್ಜ್ ಬಾಸ್ ಎಂಬ ಒಬ್ಬನೇ ಕೆಲಸಗಾರನಿಗೆ ವಹಿಸಿದರಂತೆ! ಗುಟ್ಟು ಅಲ್ಲಿಗೆ ರಟ್ಟು. 1758ರಲ್ಲಿ ಪೇಟೆಂಟ್ ಸಿಕ್ಕಿದ್ದು ಹಾಲ್‌ಗೆ ಅಲ್ಲ, ಜಾನ್ ಡಾಲಂಡ್‌ಗೆ!

ಅತಿ ದುಬಾರಿ ಸ್ಕೋಪುಗಳಲ್ಲಿ ಕೆಲವುಗಳ ಮುಂದಿನ ಲೆನ್ಸುಗಳಲ್ಲಿ ಒಂದು ಗಾಜೇ ಅಲ್ಲ. ಫ್ಲೋರೈಟ್ ಎಂಬ ಹರಳು! 1880ರ ದಶಕದಲ್ಲಿ ಅರ್ನ್ಸ್ಟ್ ಅಬ್ಬೆ ಸೂಕ್ಷ್ಮದರ್ಶಕಕ್ಕೆ ನೆಲದಿಂದ ಅಗೆದ ಫ್ಲೋರೈಟನ್ನೇ ಬಳಸಿದ್ದರು. ಈಗ ಅದನ್ನು ಕುಲುಮೆಯಲ್ಲಿ ಬೆಳೆಸುತ್ತಾರೆ. ಫ್ಲೋರೈಟ್ ಸ್ಕೋಪಿಗೆ ಹೆಸರಾದ ಜಪಾನಿನ ಕೋವಾ ಕಂಪನಿ 1894ರಲ್ಲಿ ಶುರುವಾದದ್ದು ಬಟ್ಟೆ ವ್ಯಾಪಾರಕ್ಕೆ!

ಸ್ವರೋವ್‌ಸ್ಕಿ ಎಂದರೆ ಮಿನುಗುವ ಹರಳಿನ ಒಡವೆ ಎಂದಷ್ಟೇ ಗೊತ್ತೇ? ಅದೇ ಮನೆತನದ ವಿಲ್‌ಹೆಲ್ಮ್ 1949ರಲ್ಲಿ ಆಸ್ಟ್ರಿಯಾದ ಟಿರೋಲಿನಲ್ಲಿ ದುರ್ಬೀನಿನ ಕಂಪನಿ ಕಟ್ಟಿದರು. ಬೇಟೆಗಾರರು, ಪಕ್ಷಿಪ್ರಿಯರು ಇಬ್ಬರೂ ಆಸೆಪಡುವ ಸ್ಕೋಪು ಅಲ್ಲಿನದು!

ಒಳ್ಳೆಯ ಸ್ಕೋಪಿನೊಳಗೆ ಸಾಮಾನ್ಯ ಗಾಳಿ ಇರುವುದಿಲ್ಲ. ಒಣ ನೈಟ್ರೋಜನ್ ಇಲ್ಲವೇ ಆರ್ಗಾನ್ ತುಂಬಿ ಬಿಗಿಯಾಗಿ ಮುಚ್ಚಿರುತ್ತಾರೆ. ತೇವವೇ ಇಲ್ಲದ ಮೇಲೆ ಒಳಗೆ ಮಂಜು ಕಟ್ಟುವುದೆಲ್ಲಿ! ಅಮೆರಿಕದ ಲ್ಯುಪೋಲ್ಡ್ ಕಂಪನಿ ಹೇಳಿಕೊಳ್ಳುವ ಕಥೆಯಂತೆ, ಮಾರ್ಕಸ್ ಲ್ಯುಪೋಲ್ಡ್ ಅವರ ರೈಫಲ್ ಸ್ಕೋಪಿಗೆ ಮಂಜು ಕಟ್ಟಿ ಜಿಂಕೆ ಕೈತಪ್ಪಿತು. ಸರ್ವೆ ಸಲಕರಣೆ ಮಾಡುತ್ತಿದ್ದ ಕಂಪನಿ ಆಮೇಲೆ ಸ್ಕೋಪಿಗಿಳಿಯಿತು!

ನೆಟ್ಟಗಿನ ಸ್ಕೋಪೋ, ಕಣ್ಣಿಡುವ ಕಡೆ 45 ಡಿಗ್ರಿ ಬಾಗಿದ್ದೋ? ಕಾರಿನ ಕಿಟಕಿಯಿಂದ ನೋಡುವವರಿಗೆ ನೆಟ್ಟಗಿನದು ಸಲೀಸು. ಮಲಗಿ ಹೊಡೆಯುವ ಶೂಟರಿಗೆ ಬಾಗಿದ್ದೇ ವರ. ಸ್ಕೋಪಿನ ಮೈಯನ್ನೇ ಪಕ್ಕಕ್ಕೆ ಹೊರಳಿಸಿಟ್ಟುಕೊಂಡರೆ, ಭುಜದಿಂದ ರೈಫಲ್ ಕದಲಿಸದೆ ಕತ್ತು ತುಸು ಸರಿಸಿದರೆ ಸಾಕು! ಎತ್ತರದವರು ಗಿಡ್ಡವರು ಒಂದೇ ಸ್ಕೋಪಿನಲ್ಲಿ ಸರದಿಯ ಮೇಲೆ ನೋಡುವಾಗಲೂ ಇದೇ ಮೇಲು.

ಕನ್ನಡಕ ಹಾಕುತ್ತೀರಾ? ಹಾಗಿದ್ದರೆ ಪಟ್ಟು ಕೇಳುವ ಮೊದಲು ಐಪೀಸಿನಿಂದ, ಅಂದರೆ ಕಣ್ಣಿಡುವ ಕಡೆಯ ಲೆನ್ಸಿನಿಂದ, ಕಣ್ಣು ಎಷ್ಟು ದೂರವಿರಬಹುದು ಎಂದು ಕೇಳಿ. 15 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ದೃಶ್ಯದ ಅಂಚು ನಿಮಗೆ ಕಾಣುವುದೇ ಇಲ್ಲ!

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಬಲು ಸುಲಭ. ಹೊರಗೆ ಬನ್ನಿ, ಆಕಾಶದ ಎದುರು ಕರೆಂಟ್ ತಂತಿ ನೋಡಿ. ತಂತಿಯ ಅಂಚಿಗೆ ನೇರಳೆಯೋ ಹಸಿರೋ ಮೆತ್ತಿಕೊಂಡಿದ್ದರೆ ಗಾಜು ಸಾಧಾರಣ. ಪಟ್ಟು ಪೂರ್ತಿ ಏರಿಸಿ, ಚೂಪು ಉಳಿಯಿತೇ ನೋಡಿ. ಆಮೇಲೆ ಸ್ಕೋಪಿನಿಂದ ಒಂದಡಿ ಹಿಂದೆ ಸರಿದು ಐಪೀಸಿನಲ್ಲಿ ಕಾಣುವ ಬೆಳಕಿನ ಬೊಟ್ಟು ನೋಡಿ. ದುಂಡಗಿರಬೇಕು. ಅಂಚು ಕತ್ತರಿಸಿದ ಹಾಗೆ ಚೌಕವಾಗಿ ಮಬ್ಬಾಗಿದ್ದರೆ ಒಳಗಿನ ಪ್ರಿಸಂನಲ್ಲಿ ಉಳಿತಾಯ ಮಾಡಿದ್ದಾರೆ! ಬಿಸಿಲಿದ್ದರೂ ಸೂರ್ಯನತ್ತ ಮಾತ್ರ ತಿರುಗಿಸಬೇಡಿ. ಅಕ್ಷಿಪಟಲಕ್ಕೆ ನೋವು ತಿಳಿಸುವ ನರವೇ ಇಲ್ಲ. ಸುಟ್ಟರೂ ಗೊತ್ತಾಗುವುದಿಲ್ಲ!

ಕೆಲವು ಸ್ಕೋಪುಗಳಲ್ಲಿ ಮಿಲ್ ಎಂಬ ಲೆಕ್ಕದ, ಕೂದಲೆಳೆಯಂಥ ಅಳತೆಗೆರೆಗಳಿರುತ್ತವೆ. ಒಂದು ಮಿಲ್ ಅಂದರೆ 1000 ಮೀಟರಿನಲ್ಲಿ ಸರಿಯಾಗಿ 1 ಮೀಟರ್. ಒಂದು ಮೀಟರ್ ಎತ್ತರದ ಗುರಿ ಎರಡು ಮಿಲ್ ಕಂಡರೆ ಅದು 500 ಮೀಟರ್ ದೂರದಲ್ಲಿದೆ. ಟೇಪ್ ಹಿಡಿಯದೆ ದೂರ ಅಳೆದಾಯಿತು!

ಸ್ಕೋಪಿಗೆ ಕ್ಯಾಮೆರಾ ಹಿಡಿದು ಫೋಟೊ ತೆಗೆಯುವ ಹುಚ್ಚು ಹಬ್ಬಿದ್ದು 1999ರ ಸುಮಾರಿಗೆ. ಮಲೇಷಿಯಾದ ಪಕ್ಷಿವೀಕ್ಷಕ ಲಾರೆನ್ಸ್ ಪೋ ಪುಟ್ಟ ಡಿಜಿಟಲ್ ಕ್ಯಾಮೆರಾವನ್ನು ಐಪೀಸಿಗೆ ಆನಿಸಿ ತೆಗೆದ ಚಿತ್ರಗಳು ಜಗತ್ತಿನ ಪಕ್ಷಿಪ್ರಿಯರನ್ನೆಲ್ಲ ಬೆರಗುಗೊಳಿಸಿದವು. ಈಗ ಮೊಬೈಲೇ ಸಾಕು!

ರೇಂಜ್ ಮುಚ್ಚಿದ ಮೇಲೂ ಸ್ಕೋಪಿಗೆ ಕೆಲಸವಿದೆ. ರಾತ್ರಿ ಅದನ್ನು ಗುರುಗ್ರಹದತ್ತ ತಿರುಗಿಸಿ. 1610ರ ಜನವರಿಯಲ್ಲಿ ಗೆಲಿಲಿಯೊ ಸುಮಾರು 20 ಪಟ್ಟಿನ ದುರ್ಬೀನಿನಲ್ಲಿ ಕಂಡ ಅದೇ ನಾಲ್ಕು ಚಂದ್ರರು ಸಾಲಾಗಿ ಕಾಣುತ್ತಾರೆ. ಶನಿಯತ್ತ ಹಿಡಿದು 60ಕ್ಕೆ ಏರಿಸಿ. ಉಂಗುರ ಸ್ಪಷ್ಟ! ಗೆಲಿಲಿಯೊಗೆ ಅದು ಉಂಗುರ ಎಂದೇ ಗೊತ್ತಾಗಿರಲಿಲ್ಲ, ಶನಿಯ ಎರಡು ಬದಿಗೂ ಏನೋ ಅಂಟಿಕೊಂಡಿದೆ ಎಂದುಕೊಂಡಿದ್ದರು. ಗುರಿಹಲಗೆ ನೋಡಲೆಂದು ನೀವು ಕೊಂಡ ಸ್ಕೋಪ್ ಅವರ ದುರ್ಬೀನಿಗಿಂತ ಎಷ್ಟೋ ಮೇಲು!